ಆರದ ಬೂದಿ

ಬಂಡೆ ಕಾಯುತ್ತಿದೆ, ಸೀರೆ ದಾಟಿ ತೊಡೆಗೆ ಚುರುಗುಟ್ಟುತ್ತಿದೆ, ಚುರುಗುಟ್ಟಲಿ, ಸೋಮಮ್ಮ ಏಳುವವಳಲ್ಲ, ಸಾಹೇಬರು ಸುಣ್ಣದಲ್ಲಿ ಬರೆಸಿದ ಕತ್ತರಿ ಗುರುತಿನ ಮೇಲೇ ಕುಂಡಿಯೂರಿ ಕೂತಿದ್ದಾಳೆ, ಬೇಕಾದರೆ ಇನ್ನೊಂದು ಗುರುತು ಬರೆಸಿಕೊಳ್ಳಲಿ, ಅದರ ಮೇಲೂ ಕೂತರಾಯಿತು — ಊರಿನವರೆಲ್ಲ ರಾಗಿ ಒಕ್ಕುವ ಬಂಡೆ ಇದು, ರೋಣಗಲ್ಲು ಉರುಳಿ ಉರುಳಿ ನುಣ್ಣಗಾದದ್ದು, ಇದಕ್ಕೆ ತೂತು ಕೊರೆಯುತ್ತಾರಂತೆ. ಬೋರು ಗಾಡಿ ಗುರುಗುಡುತ್ತ ಎದುರಿಗೇ ನಿಂತಿದೆ, ಡೀಸೆಲ್ ಹೊಗೆ ಮೂಗಿಗೆ ಬಡಿಯುತ್ತಿದೆ, ಡ್ರೈವರು ಸಾಹೇಬರ ಮುಖ ನೋಡುತ್ತಾನೆ, ಸಾಹೇಬರು ಭಾವನ ಮುಖ ನೋಡುತ್ತಾರೆ, ಭಾವ ಪುಟ್ಟಸಿದ್ದಯ್ಯ, ಗಂಡನ ಅಣ್ಣ, ಊರ ಯಜಮಾನ, ಯಾರನ್ನೂ ಕೇಳದೆ ಬಂಡೆ ಕೊಡುತ್ತೇವೆಂದು ಮಾತು ಕೊಟ್ಟ ದೊಡ್ಡ ಮನುಷ್ಯ, ನೆಲ ನೋಡುತ್ತಾನೆ. ಎದ್ದೇಳವ್ವ ಸೋಮಿ, ಮರ್ವಾದೆ ಕಳೀಬ್ಯಾಡ, ಅನ್ನುತ್ತಾನೆ. ಯಾರ ಮರ್ಯಾದೆಯಂತೆ, ಮಾತು ಕೊಟ್ಟವನದು ತಾನೇ, ಹೋದರೆ ಹೋಗಲಿ.

ಹೋದ ಬೇಸಗೆಯಲ್ಲಿ ಊರಾಚೆ ಮೊದಲನೆಯ ತೂತು ಕೊರೆದಾಗ ಇದೇ ಜನ ಈ ಗಾಡಿಗೆ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು, ಬೋರು ಎಂದರೆ ನೀರಲ್ಲದೆ ಇನ್ನೇನು, ಅವಳೂ ಬಿಂದಿಗೆ ಬೆಳಗಿಕೊಂಡು ಕಾದಳು, ಹಾಳು ಆಸೆ — ಕಲ್ಲಿನ ಉದ್ದುದ್ದ ತುಂಡು ಬಂದವು, ನೀರು ಮಾತ್ರ ಬರಲಿಲ್ಲ, ಹೆಂಗಸರು ಹೊತ್ತು ತಂದ ನೀರನ್ನೂ ಗಾಡಿಯೇ ಕುಡಿಯಿತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರೆ ಸಾಹೇಬರು ಕಲ್ಲಿನ ತುಂಡು ಸವರಿ ನಕ್ಕರು, ಬಿರುಕಿಲ್ಲ, ಪಸೆ ಇಲ್ಲ, ಬಹಳ ಒಳ್ಳೇ ಕಲ್ಲು ಎಂದರು. ಒಣ ಬೋರಿಗೆ ನಗುವ ಗಂಡಸನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಆಗಲೇ ಹೊಳೆಯಿತು, ಒಣ ನೆಲ ಹುಡುಕುವವರು ನೀರಿನವರಲ್ಲ, ಹಗೇವು ತೋಡುವವರು, ನಾವು ನೆಲದೊಳಗೆ ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುವ ಹಾಗೆ ಇವರೂ ಏನನ್ನೋ ತುಂಬುವವರು. ಏನ್ ತುಂಬ್ತೀರಿ ಸಾ ಇದ್ರೊಳಕ್ಕೆ? ಸಾಹೇಬರು ಸುಳ್ಳು ಹೇಳಲಿಲ್ಲ, ಒಳ್ಳೆಯವರು, ಅದೇ ಕಷ್ಟ. ಅಣುವಿನಿಂದ ಕರೆಂಟು ಮಾಡ್ತಾರಮ್ಮ, ಮುಂದೆ ದೇಶಕ್ಕೆಲ್ಲ ಅದೇ ಬೆಳಕು, ನಿಮ್ಮೂರಿಗೂ ಬರುತ್ತೆ, ಉರಿದ ಮೇಲೆ ಬೂದಿ ಉಳಿಯುತ್ತಲ್ಲ, ಅದನ್ನ ಆಳದಲ್ಲಿ ಇಡೋಕೆ ಎಂಥಾ ಕಲ್ಲು ಆಗುತ್ತೆ ಅಂತ ಪರೀಕ್ಷೆ ಮಾಡ್ತಿದ್ದೀವಿ, ಅಷ್ಟೆ. ಬೂದಿಯೆಂದರೆ ತಿಪ್ಪೆಗೆ ಸುರಿಯುವುದು, ಪಾತ್ರೆ ಬೆಳಗುವುದು, ಅದಕ್ಕೆ ಬಂಡೆಯೊಳಗೆ ಮನೆ ಯಾಕೆ? ಇದು ಬೇಗ ಆರೋ ಬೂದಿ ಅಲ್ಲಮ್ಮ, ಹತ್ತಿರ ಹೋದರೆ ಸಾವು. ಯಾವಾಗ ಆರ್ತದೆ ಸಾ? ನಿಮ್ಮ ಮರಿಮಕ್ಕಳ ಮರಿಮಕ್ಕಳ ಕಾಲಕ್ಕೂ ಇಲ್ಲ. ಅಲ್ಲೀಗಂಟ ಕಾಯೋರು ಯಾರು? ಯಾರೂ ಕಾಯಬೇಕಿಲ್ಲ, ಮುಚ್ಚಿ ಮರೆತುಬಿಡಬಹುದು, ತೆಗೀಬೇಡಿ ಅಂತ ಮೇಲೆ ಕಲ್ಲಲ್ಲಿ ಬರೆಸ್ತೀವಿ.

ಬರೆಸುತ್ತಾರಂತೆ, ಮರೆಯಬಹುದಂತೆ — ಕರೆಂಟು ಬೇಡ ಎಂದವರು ಯಾರು, ಬೇಕು, ಸೀಮೆಎಣ್ಣೆ ಬುಡ್ಡಿಯ ಹೊಗೆ ಕುಡಿದು ಅವಳ ಎದೆ ಕಟ್ಟಿದೆ, ಆದರೆ ಉರಿಸಿದವರು ಬೂದಿಯನ್ನು ತಮ್ಮ ಹಿತ್ತಲಲ್ಲೇ ಇಟ್ಟುಕೊಳ್ಳಲಿ, ದಿನಾ ಕಣ್ಣಲ್ಲಿ ನೋಡಿಕೊಂಡು ಕಾಯಲಿ, ಮರೆಯುವುದಕ್ಕೆ ನಮ್ಮ ಬಂಡೆಯೇ ಬೇಕೇ? ಹಗೇವು ತೆಗೆದರೆ ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಬಿಡಬೇಕು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಆರಿದರೆ ಇಳಿಯಬಾರದು, ಊರಿನ ಎಳೆಕೂಸಿಗೂ ಗೊತ್ತು, ಅವಳ ಗಂಡ ನಂಜಯ್ಯನಿಗೆ ಗೊತ್ತಿರಲಿಲ್ಲವೇ, ದೀಪ ಇಳಿಬಿಟ್ಟವನೇ ಅವನು. ದೀಪ ಆರಿತು. ಬ್ಯಾಡ ಕಣ್ಲಾ, ಅಂದ ಭಾವ. ಗಾಳಿಗೆ ಆರ್ತು ಬುಡಣ್ಣ, ಬೆಟ್ಟದ ಜಾತ್ರೆಗೆ ಓಗೋ ನೆಂಟ್ರು ಅಸ್ಕೊಂಡು ಕುಂತವ್ರೆ, ಅಂದು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಗುತ್ತ ಇಳಿದ, ನಗು ಇನ್ನೂ ಕಿವಿಯಲ್ಲಿದೆ, ಹಗ್ಗ ಭಾವನ ಕೈಯಲ್ಲಿತ್ತು, ಎಳೆದು ಮಲಗಿಸಿದಾಗ ಮೈಯಲ್ಲಿ ಉಸಿರಿಲ್ಲ, ಬಲಗೈ ಮುಷ್ಟಿ ಕಟ್ಟಿದೆ, ಬೆರಳ ಸಂದಿಯಲ್ಲಿ ರಾಗಿ. ಕಲ್ಲಲ್ಲಿ ಬರೆಸುತ್ತೀರಾ ಸಾಹೇಬರೇ, ನಂಜಯ್ಯನ ಕಣ್ಣೆದುರಿಗೇ ದೀಪ ಆರಿತ್ತು, ಒಡಹುಟ್ಟಿದವನೇ ಬೇಡವೆಂದಿದ್ದ, ಆದರೂ ಇಳಿದ, ಆ ಮುಷ್ಟಿ — ಬೇಡ, ಅದು ಬೇಡ ಈಗ, ಬಂಡೆ ಕಾಯುತ್ತಿದೆ, ಯಾವನೋ ಮುಂದೆ ಹುಟ್ಟುವವನು, ನಮ್ಮ ಮಾತೂ ತಿಳಿಯದವನು, ಇದೇನೋ ಹಗೇವು ಎಂದು ಆಸೆಯಿಂದ ಬಾಯಿ ತೆಗೆಯುತ್ತಾನೆ, ಮನುಷ್ಯ ತೆಗೆದೇ ತೆಗೆಯುತ್ತಾನೆ, ನಗುತ್ತ ಇಳಿಯುತ್ತಾನೆ, ಅವನ ಹೆಂಡತಿಗೆ ಯಾರು ಜವಾಬು ಹೇಳುತ್ತಾರೆ?

ಸಾಹೇಬರು ಕೈಸನ್ನೆ ಮಾಡಿದರು, ಗಾಡಿ ಮುಂದೆ ಬಂತು, ಬಂಡೆಯ ನಡುಕ ಅವಳ ಹಲ್ಲಿಗೂ ಹತ್ತಿತು, ಬರಲಿ, ಮೇಲೇ ಬರಲಿ. ಭಾವ ಬಂದು ಕೈ ಹಿಡಿದ — ತಮ್ಮನ ಹೆಂಡತಿಯನ್ನು ಒಂದು ದಿನವೂ ಮುಟ್ಟಿದವನಲ್ಲ — ಹಿಡಿದು ಎಳೆದ, ಅವಳು ಬೆರಳು ಮಡಿಸಿ ಬಿಗಿದಳು, ಒಂದೊಂದೇ ಬೆರಳು ಬಿಡಿಸಲು ನೋಡಿದ. ಅವತ್ತು ಬುಡಿಸಕ್ಕಾಯ್ತಾ ಬಾವ, ನಿಮ್ಮ ತಮ್ಮನ ಕೈಯ? ಭಾವನ ಕೈ ನಿಂತಿತು. ಎಳೆಯಲಿಲ್ಲ, ಬಿಡಲೂ ಇಲ್ಲ, ಹಾಗೇ ಕುಸಿದು ಅವಳ ಪಕ್ಕದಲ್ಲಿ, ಸುಣ್ಣದ ಮೇಲೆ ಕೂತ. ಡ್ರೈವರು ಏನೋ ಕೂಗುತ್ತಿದ್ದಾನೆ, ಸಾಹೇಬರು ಏನೋ ಹೇಳುತ್ತಿದ್ದಾರೆ, ಕೇಳಿಸುತ್ತಿಲ್ಲ, ಬಿಸಿನೀರು ಹೊಯ್ದರೂ ಎಣ್ಣೆ ತೀಡಿದರೂ ಬಿಡಿಸಿಕೊಳ್ಳದ ಬೆರಳು, ಹಾಗೆಯೇ ಮಣ್ಣಿಗಿಟ್ಟ ಕೈ, ಕೈಯೊಳಗೆ ರಾಗಿ, ಮುಷ್ಟಿ, ಆ ಮುಷ್ಟಿ —