ಹಂಡೆಭೂತದ ಹೊಟ್ಟೆಯಲ್ಲಿ ಪ್ರೇಮಕುಮಾರ

ನನ್ನ ತಮ್ಮ ಪ್ರೇಮಕುಮಾರನನ್ನು ಹಂಡೆಭೂತ ನುಂಗಿದ್ದು ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ. ಎರಡೂ ಐದಕ್ಕೆ ಅಜ್ಜಿಯ ಫೋನಿಗೆ ಅವನದೇ ಕರೆ ಬಂತು.

"ಅಕ್ಕಾ, ಒಂದ ಹಲ್ಲು ಐತಿ."

"ಯಾರಿಗೆ? ಎಲ್ಲಿ ಹೋಗೀದಿ ನೀ?"

"ಭೂತಕ್ಕ. ಅದರ ಹೊಟ್ಟ್ಯಾಗ ಅದೀನಿ. ಹಲ್ಲು ಎಣಿಸಾಕ ಹೋಗಿದ್ದೆ, ಬಾಯಿ ತಗದು ಗುಳುಂ ಅನಿಸಿಬಿಡ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಡೀ ಬ್ಯಾಡಗಿ ಬಾಗಿಲು ಹಾಕಿಕೊಂಡು ಕೂತಿರುವಾಗ ಒಂಬತ್ತು ವರ್ಷದ ಹುಡುಗ ಮನೆಯ ಫೋನು ಜೇಬಿಗೆ ಹಾಕಿಕೊಂಡು ಭೂತದ ಹಲ್ಲು ಎಣಿಸಲು ಹೋಗುತ್ತಾನೆಂದರೆ ಏನು ಹೇಳಬೇಕು? ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತ ಅಳು ಬಂತು. ಅತ್ತರೆ ಹೊತ್ತು ಹೋಗುತ್ತದೆ, ಹುಡುಗ ಹೊರಗೆ ಬರುವುದಿಲ್ಲ ಎಂದು ಮೂಗು ಒರೆಸಿಕೊಂಡೆ.

ಈ ಭೂತಗಳು ಎಂಟು ದಿನದ ಹಿಂದೆ ಐರಣಿಯ ಹತ್ತಿರ ತುಂಗಭದ್ರೆಯ ಮರಳಿನಿಂದ ಎದ್ದು ಬಂದಿದ್ದವು. ಒಟ್ಟು ಮೂರು. ಬಚ್ಚಲಮನೆಯ ಹಂಡೆಯಂಥ ದುಂಡು ಮೈ, ಎರಡು ಅಂತಸ್ತಿನ ಎತ್ತರ, ಕಾಲಿಲ್ಲ, ಉರುಳಿಯೇ ಓಡಾಟ. ಒಂದು ರಾಣೆಬೆನ್ನೂರಿನಲ್ಲಿ ಖಾಲಿ ಬಸ್ಸುಗಳನ್ನು ಮಂಡಕ್ಕಿ ಮುಕ್ಕಿದ ಹಾಗೆ ಮುಕ್ಕಿತು. ಇನ್ನೊಂದು ಹಾವೇರಿಯಲ್ಲಿ ರೈಲು ಹಳಿಯ ಮೇಲೆ ಕೂತುಬಿಟ್ಟಿತು. ಮದುವೆಗೆಂದು ಹಾವೇರಿಗೆ ಹೋಗಿದ್ದ ಅಪ್ಪ ಅವ್ವ ಅಲ್ಲೇ ಸಿಕ್ಕಿಬಿದ್ದರು. ಮೂರನೆಯದು ನಮ್ಮ ಪಾಲಿಗೆ ಬಂತು. ಬೆಳಗಾದರೆ ಬರುವುದು, ಸಿಕ್ಕಿದ್ದನ್ನು ಅಗಿಯದೆ ನುಂಗುವುದು, ಸಂಜೆ ಐದಕ್ಕೆ ಸರಿಯಾಗಿ ಹೊಳೆಯ ದಾರಿ ಹಿಡಿದು ನೀರಿನ ತಳ ಸೇರುವುದು. ಹಾಗೆ ಅದರ ಹೊಟ್ಟೆಯಲ್ಲಿ ತಳ ಸೇರಿದ ವಸ್ತು ಒಂದೂ ತಿರುಗಿ ಬಂದಿರಲಿಲ್ಲ. ಅಷ್ಟು ದಿನ ಸ್ಕೂಟರು, ತಗಡು, ಬ್ಯಾನರು ಹೋಗಿದ್ದವು. ಮನುಷ್ಯರಲ್ಲಿ ನನ್ನ ತಮ್ಮನೇ ಮೊದಲು. ಪರೀಕ್ಷೆಯೊಂದನ್ನು ಬಿಟ್ಟು ಎಲ್ಲದರಲ್ಲೂ ಅವನು ಮೊದಲು ಬರುತ್ತಾನೆ.

ಐದು ಗಂಟೆಯೊಳಗೆ ಅವನು ಹೊರಗೆ ಬರಲೇಬೇಕಿತ್ತು. ಸಹಾಯಕ್ಕೆಂದು ಹಾವೇರಿಯಿಂದ ಹೊರಟ ತಂಡದ ಜೀಪೂ ಭೂತದ ಪಾಲಾಗಿ, ಅವರು ಹೆದ್ದಾರಿಯಲ್ಲಿ ನಡೆದು ಬರುತ್ತಿದ್ದಾರೆ, ನಾಳೆ ಮುಟ್ಟುತ್ತಾರೆ ಎಂದು ಸುದ್ದಿ ಬಂತು. ನಾಳೆ ಬಂದು ಅವರೇನು ಮಾಡಬೇಕು?

ನಾವೆಲ್ಲ ಅಡಗಿದ್ದದ್ದು ಪೇಟೆಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ. ನನ್ನ ಅಜ್ಜಿ ಮೈಲವ್ವ ಅಲ್ಲಿಯೇ ಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಾಳೆ. ಗೋದಾಮಿನ ಮಾಲೀಕ ನಿಜಲಿಂಗಪ್ಪ ಚೀಲದ ರಾಶಿಯ ಮೇಲೆ ಹತ್ತಿ ನಿಂತರು.

"ಬ್ಯಾಡಗಿ ಮೆಣಸಿನಕಾಯಿ ಇರೂತನಕಾ ನಮಗ ಯಾವ ಭೂತದ ಅಂಜಿಕಿ? ಮೂರು ಚೀಲ ಪುಡಿ ಅದರ ಮಾರಿಗೆ ಸುರುವ್ರಿ. ಸೀನಿದ್ರ ಹುಡುಗ ತಾನ ಹೊರಗ ಬರತಾನ!"

ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನಮ್ಮ ಕಾಯಿಯ ಹೆಸರು ಬಂದರೆ ನಮ್ಮೂರಿನವರಿಗೆ ಎದೆ ಉಬ್ಬುತ್ತದೆ, ತಲೆ ಕೆಲಸ ನಿಲ್ಲಿಸುತ್ತದೆ.

ಮಾಳಿಗೆ ಹತ್ತಿ, ಗೋದಾಮಿನ ಹೊರಗೋಡೆಗೆ ಒರಗಿದ್ದ ಭೂತದ ಮೇಲೆ ಮೂರು ಚೀಲ ಸುರಿದೆವು. ಅದು ಕಣ್ಣು ಮುಚ್ಚಿತು. ತುಟಿ ನೆಕ್ಕಿತು. ಮೈಯೆಲ್ಲ ಕುಂಕುಮದ ಬಣ್ಣವಾಗಿ ಮೊದಲಿಗಿಂತ ಚೆಂದ ಕಾಣತೊಡಗಿತು. ಆಮೇಲೆ ಇನ್ನಷ್ಟು ಹಾಕಿ ಎನ್ನುವಂತೆ ಬಾಯಿ ತೆರೆದು, ಹಿಂಡಿ ಕಂಡ ಎಮ್ಮೆಯ ಹಾಗೆ ಗೋಡೆಗೆ ಮೈ ತಿಕ್ಕಿತು. ಒಂದೇ ಒಂದು ಸೀನಿಲ್ಲ.

ಫೋನು ಬಂತು. "ಅಕ್ಕಾ, ಇಲ್ಲಿ ಘಮಘಮ ಅನ್ನಾಕತ್ತೈತಿ. ಹಸಿವಿ ಆಗೇತಿ."

ಅಲ್ಲಿಯವರೆಗೆ ಕದರಮಂಡಲಗಿ ಹಣಮಪ್ಪನಿಗೆ ಹರಕೆ ಹೊರುತ್ತ ಕೂತಿದ್ದ ಅಜ್ಜಿ ಎದ್ದು ಬಂದಳು. "ಸಾವ್ಕಾರ್ರ, ಜನ್ಮೆಲ್ಲಾ ಇದ ವ್ಯಾಪಾರ ಮಾಡೀರಿ, ಇಷ್ಟೂ ತಿಳೀಲಿಲ್ಲೇನ್ರಿ? ನಮ್ಮ ಕಾಯಿಗೆ ಬಣ್ಣ ಐತಿ, ವಾಸನಿ ಐತಿ. ಖಾರ ಎಲ್ಲೈತ್ರಿ? ಮೊಮ್ಮಗನ್ನ ನುಂಗಿದ ಭೂತಕ್ಕ ಊಟಾ ಹಾಕಿದ್ರಲ್ರಿ!"

ನಿಜಲಿಂಗಪ್ಪನವರ ಮುಖವೂ ಭೂತದಷ್ಟೇ ಕೆಂಪಾಯಿತು.

"ಮತ್ತ ಈಗ ಹೆಂಗ ಅಜ್ಜೀ?" ಎಂದೆ.

"ನಿನಗ ದೃಷ್ಟಿ ತಗದು ಕಾಯಿ ಒಲಿಗೆ ಹಾಕಿದಾಗ ಏನಾಗತೈತಿ?"

ಏನಾಗುತ್ತದೆ? ಮನೆಮಂದಿಯೆಲ್ಲ ಕೆಮ್ಮುತ್ತ ಸೀನುತ್ತ ಅಂಗಳಕ್ಕೆ ಓಡುತ್ತೇವೆ. ತಿಂದರೆ ಖಾರವಿಲ್ಲದ ಕಾಯಿಯೂ ಸುಟ್ಟರೆ ಘಾಟು ಬಿಡುತ್ತದೆ, ಆ ಘಾಟು ಯಾರ ಮುಲಾಜೂ ನೋಡುವುದಿಲ್ಲ.

"ಭೂತಕ್ಕ ದೃಷ್ಟಿ ತಗಿಯೂಣು," ಎಂದಳು ಅಜ್ಜಿ.

ಮಿರ್ಚಿ ಭಜಿ ಮಾರುವ ಮಹಮೂದಾಬೇಗಂ ಚಾಚಿಯ ತಳ್ಳುಗಾಡಿ ಗೋದಾಮಿನಲ್ಲೇ ಇತ್ತು, ಒಲೆ, ದೊಡ್ಡ ಬಾಣಲೆ ಸಮೇತ. ಆದರೆ ಗಾಡಿಯನ್ನು ಭೂತದ ಬಾಯಿಯ ಮುಂದೆ ಒಯ್ಯುವವರು ಯಾರು? ನಿಜಲಿಂಗಪ್ಪನವರಿಗೆ ಇದ್ದಕ್ಕಿದ್ದಂತೆ ಮೊಣಕಾಲು ನೋವು ಶುರುವಾಯಿತು.

"ನಾ ಹೋಗತೇನಿ," ಎಂದೆ. "ಒಳಗ ಇರಾಂವ ನನ್ನ ತಮ್ಮ."

"ಗಾಡಿ ನಂದು," ಎಂದಳು ಚಾಚಿ. "ನೀ ಒಬ್ಬಾಕಿ ದಬ್ಬಿದ್ರ ಹೊರಳಿ ಬೀಳತೈತಿ. ಇಬ್ಬರೂ ಹೋಗೂಣು."

ಗಂಟೆ ನಾಲ್ಕೂ ಮುಕ್ಕಾಲು. ತಮ್ಮನಿಗೆ ಫೋನು ಮಾಡಿದೆ. "ಪ್ರೇಮ್ಯಾ, ಅಂಗಿ ಬಿಚ್ಚಿ ಮೂಗಿಗೆ ಕಟ್ಟಿಕೋ. ಬಾಯಿ ಕಡೆ ಹತ್ತಿ ಬಾ. ಹೊಗಿ ಬರತೈತಿ, ಅಂಜಬ್ಯಾಡ."

"ಬ್ಯಾಟರಿ ಮುಗ್ಯಾಕ ಬಂದೈತಿ ಅಕ್ಕಾ." ಮೊದಲ ಸಲ ಅವನ ದನಿ ನಡುಗುತ್ತಿತ್ತು. "ನೀ ಬರತೀ ಹೌದಿಲ್ಲೋ?"

"ಬರತೇನಿ," ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ, ಫೋನು ಸತ್ತಿತ್ತು.

ಒಲೆ ಹೊತ್ತಿಸಿ, ಬಾಗಿಲು ತೆಗೆಸಿ ಗಾಡಿ ದಬ್ಬಿದೆವು. ಮತ್ತೆ ಪುಡಿ ಬಂತೆಂದು ಭೂತ ಖುಷಿಯಿಂದ ಬಾಯಿ ತೆರೆಯಿತು. ಕೆಳತುಟಿ ಬಂದು ನೆಲಕ್ಕೆ ಕೂತಿತು. ಅಜ್ಜಿ ಮಾಳಿಗೆಯ ಮೇಲಿಂದ ಕಾಯಿ ತುಂಬಿದ ಬುಟ್ಟಿಯನ್ನು ಮೂರು ಸಲ ನಿವಾಳಿಸಿದಳು. "ನಾಯಿ ಕಣ್ಣು, ನರಿ ಕಣ್ಣು, ಓಣಿಯವರ ಕಣ್ಣು, ನಿಜಲಿಂಗಪ್ಪನ ಕಣ್ಣು!" ಎನ್ನುತ್ತ ಬಾಣಲೆಗೆ ಸುರಿದಳು.

ಹೊಗೆ ಎದ್ದಿತು ನೋಡಿ! ಚಾಚಿ ಸೀನಿದಳು. ನಾನು ಸೀನಿದೆ. ಗೋದಾಮಿನೊಳಗೆ ಊರಿಗೆ ಊರೇ ಸೀನಿತು. ಭೂತ ಮಾತ್ರ ಎರಡು ಸಲ ಕಣ್ಣು ಪಿಳುಕಿಸಿತು. ಗಾಳಿ ಹೊಗೆಯನ್ನು ನಮ್ಮ ಕಡೆಗೇ ತಿರುಗಿಸುತ್ತಿತ್ತು, ಅದರ ಗಂಟಲಿಗೆ ಹೋಗುತ್ತಲೇ ಇರಲಿಲ್ಲ. ಅಷ್ಟರಲ್ಲಿ ಐದು ಗಂಟೆಯಾಯಿತು. ಅದು ಹೊಳೆಯ ಕಡೆಗೆ ಹೊರಳತೊಡಗಿತು.

ಯೋಚನೆ ಮಾಡಲು ಹೊತ್ತಿರಲಿಲ್ಲ. ಎಣ್ಣೆಯಿಂದ ಭಜಿ ಎತ್ತುವ ಚಾಚಿಯ ಉದ್ದ ಹಿಡಿಕೆಯ ಝಾರಿಯಲ್ಲಿ ಹೊಗೆಯಾಡುವ ಕಾಯಿಗಳನ್ನು ಎತ್ತಿಕೊಂಡು ತುಟಿಯ ಮೇಲೆ ಜಿಗಿದೆ. ಒಂದು ಕೈಯಿಂದ ಅದರ ಒಂಟಿ ಹಲ್ಲನ್ನು ತಬ್ಬಿ, ಇನ್ನೊಂದು ಕೈಯಿಂದ ಝಾರಿಯನ್ನು ಗಂಟಲೊಳಗೆ ಚಾಚಿದೆ.

ಭೂತ ನಿಂತಿತು. "ಆ... ಆ..." ಎಂದು ಉಸಿರು ಎಳೆಯತೊಡಗಿತು. ಸೀನುವ ಮೊದಲು ಯಾರಾದರೂ ಹಾಗೆಯೇ ಎಳೆಯುತ್ತಾರೆ, ಅದು ನನಗೆ ಹೊಳೆದೇ ಇರಲಿಲ್ಲ. ಝಾರಿ ಕೈಜಾರಿ ಒಳಗೆ ಹೋಯಿತು. ನನ್ನ ಚಪ್ಪಲಿ ಹೋದವು. ಹಲ್ಲಿಗೆ ಜೋತುಬಿದ್ದೆ.

ಆಗ ಅವನು ಕಂಡ. ಮೂಗಿಗೆ ಅಂಗಿ ಕಟ್ಟಿಕೊಂಡು, ಗಂಟಲ ಗೋಡೆಗೆ ಸಿಕ್ಕಿದ್ದ ಒಂದು ತಗಡನ್ನು ಹಿಡಿದು ನೇತಾಡುತ್ತಿದ್ದ. ಉಸಿರಿನ ಸೆಳೆತಕ್ಕೆ ಬೆರಳು ಒಂದೊಂದಾಗಿ ಬಿಡುತ್ತಿದ್ದವು. ಕೂಗಲೂ ಅವನಿಗೆ ಆಗುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಹಿಂದಿನಿಂದ ಚಾಚಿ, "ಹಲ್ಲು ಬಿಡಬ್ಯಾಡ!" ಎಂದು ಒದರಿದಳು.

ಬಿಟ್ಟೆ.

ಸುಯ್ಯೆಂದು ಒಳಗೆ ಜಾರಿದೆ. ಅವನ ಕೊನೆಯ ಬೆರಳು ತಗಡು ಬಿಡುವುದಕ್ಕೂ ನಾನು ಅವನ ಕೈ ಹಿಡಿಯುವುದಕ್ಕೂ ಸರಿಹೋಯಿತು. ಇಬ್ಬರೂ ಕತ್ತಲಿಗೆ ಬಿದ್ದೆವು. ಕೆಳಗೆ ಎಲ್ಲೋ ಸ್ಕೂಟರುಗಳು ಡಿಕ್ಕಿ ಹೊಡೆಯುವ ಸದ್ದು. ನನಗೆ ಬಹಳ ಅಂಜಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಆಕ್ಷೀ!"

ಮೊದಲು ಸ್ಕೂಟರು, ಅದರ ಹಿಂದೆ ಬ್ಯಾನರು, ತಗಡು, ಝಾರಿ, ಕೊನೆಗೆ ನಾವಿಬ್ಬರು. ಪೇಟೆಯ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ರಾಶಿಯ ಮೇಲೆ ಬಂದು ಬಿದ್ದೆವು. ಭೂತ ಸೀನುತ್ತ ಸೀನುತ್ತ ಐರಣಿಯವರೆಗೂ ಉರುಳಿತಂತೆ. ಹಾವೇರಿಗೂ ರಾಣೆಬೆನ್ನೂರಿಗೂ ಸುದ್ದಿ ಮುಟ್ಟಿ, ಅಲ್ಲಿಯ ಜನವೂ ಬಾಣಲೆಗೆ ಕಾಯಿ ಸುರಿದು ತಮ್ಮ ಭೂತಗಳನ್ನು ಓಡಿಸಿದರಂತೆ. ಅದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಆಗ ನನ್ನ ಸುತ್ತ ಜನ ಕೂಡಿದ್ದರು. ಅಜ್ಜಿ ಅಳುತ್ತಿದ್ದಳು, ನಿಜಲಿಂಗಪ್ಪನವರು ಕುಣಿಯುತ್ತಿದ್ದರು. ಪ್ರೇಮಕುಮಾರ ಕೆಮ್ಮಿ, ಕಣ್ಣು ಒರೆಸಿಕೊಂಡು, ನನ್ನ ಕಡೆ ತಿರುಗಿದ.

"ಅಕ್ಕಾ, ಕೈ ಬಿಡು. ನೋಯಾಕತ್ತೈತಿ."

"ಬಿಡೂದಿಲ್ಲ," ಎಂದೆ. ಮನೆ ಮುಟ್ಟುವವರೆಗೂ ಬಿಡಲಿಲ್ಲ.