ಸರ್ಕಾರ ಬದಲಾದರೆ ಬರುವ ತಮ್ಮ

ಎರಡನೇ ರೊಟ್ಟಿ ಬಡಿದು ಹಂಚಿಗೆ ಹಾಕಿದ್ದೆ. ಮೇಲೆ ನೀರು ಸವರಬೇಕು, ಅಷ್ಟರಲ್ಲಿ ಪಡಸಾಲೆಯ ಟಿವಿ ಒಮ್ಮೆಲೇ ಸುಮ್ಮನಾಯಿತು. ಬೆಳಿಗ್ಗೆಯಿಂದ ಮತ ಎಣಿಕೆ ನೋಡುತ್ತ, ತಮ್ಮದೇ ಪಕ್ಷ ಮುಂದೆ ಬಂದಾಗೆಲ್ಲ ನನಗೂ ಕೇಳಲೆಂದು ದನಿ ಏರಿಸುತ್ತಿದ್ದವರು ನಮ್ಮ ಮನೆಯವರು. ಈಗ ಅವರೇ ಆರಿಸಿದ್ದರು. ಅಂದರೆ ಅವರ ಸರ್ಕಾರ ಹೋಯಿತು.

ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ.

"ಅವ್ವಾ, ನೀ ಅವತ್ತು..." ಎಂದಳು ನೇತ್ರಾ, ನನ್ನ ಆರು ವರ್ಷದ ಮಗಳು. ಓಟಿನ ದಿನ ನನ್ನ ಸೆರಗು ಹಿಡಿದು ಮತಗಟ್ಟೆಗೆ ಬಂದಿದ್ದಳು. ಅಂದಿನಿಂದ ಒಂದು ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಇದೆ. ಬಾಯಿ ತೆರೆದಾಗೆಲ್ಲ ನಾನು ಬೆಲ್ಲ ಇಡುತ್ತೇನೆ. ಈಗಲೂ ಇಟ್ಟೆ.

ಹೋದ ಸಲ ಗೆದ್ದದ್ದು ಇವರ ಪಕ್ಷ. ಅಂದು ತವರೂರು ನವಲಿಯಿಂದ ನನ್ನನ್ನು ನೋಡಲು ಬಂದಿದ್ದ ತಮ್ಮ ಹುಲಿಗೇಶನದು ಸೋತ ಪಕ್ಷ. ಇವರು ಅವನ ತಲೆಯ ಮೇಲೆ ಬುಟ್ಟಿ ಗುಲಾಲು ಸುರಿದರು. ನಿಮ್ಮ ಸರ್ಕಾರ ಇರುವ ತನಕ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಹೇಳಿ ಹೋದವನು ಮತ್ತೆ ಬರಲಿಲ್ಲ. ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅವನ ಬದಲು ಮೊಣಕಾಲು ನೋವಿನ ಅಪ್ಪನೇ ಬಸ್ಸಿನಲ್ಲಿ ಬರುತ್ತಿದ್ದ. ಮತಯಂತ್ರದ ಮುಂದೆ ನನಗೆ ಯಾವ ಚಿಹ್ನೆಯೂ ಕಾಣಲಿಲ್ಲ, ಆ ಖಾಲಿ ಹೊಸ್ತಿಲೇ ಕಂಡಿತ್ತು. ತಮ್ಮನನ್ನು ಕರೆಸುವ ಗುಂಡಿ ಯಾವುದೋ ಅದನ್ನು ಒತ್ತಿ ಬಂದಿದ್ದೆ.

ಓಣಿಯಲ್ಲಿ ಹಲಗೆ ಬಾರಿಸುವ ಸಪ್ಪಳವಾಯಿತು. ಗಂಗಾವತಿಯ ಮೆರವಣಿಗೆಗೆ ಹೊರಟ ನವಲಿಯ ಟ್ರ್ಯಾಕ್ಟರು ದಾರಿಯಲ್ಲಿರುವ ನಮ್ಮೂರು ಮರಳಿಯಲ್ಲಿ, ನಮ್ಮ ಮನೆಯ ಮುಂದೆಯೇ ನಿಂತಿತು. ಇಳಿದವನು ತಲೆಯಿಂದ ಕಾಲಿನ ತನಕ ಗುಲಾಲಿನ ಕೆಂಪು, ಹಲ್ಲಷ್ಟೇ ಬಿಳಿ. ಹುಲಿಗೇಶ. ಹೊಸ್ತಿಲ ತನಕ ಬಂದು ನಿಂತುಬಿಟ್ಟ. ಒಳಗೆ ಇವರು ಆರಿದ ಟಿವಿಯನ್ನೇ ನೋಡುತ್ತ ಕೂತಿದ್ದರು. ಇವರು ಕರೆಯದೆ ಅವನು ಬರಲಾರ, ಸೋತ ಇವರು ಕರೆಯಲಾರರು. ನಡುವೆ ಹಿಟ್ಟಿನ ಕೈಯಲ್ಲಿ ನಾನು. ಹಂಚಿನ ಮೇಲೆ ರೊಟ್ಟಿ ಕರಕಾಗತೊಡಗಿತು.

ಆ ವಾಸನೆಗೋ ಏನೋ, ಇವರು ಎದ್ದರು. ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಾಗಿಲಿಗೆ ಬಂದರು.

"ಕಾಲು ತೊಳಕೋ ಹುಲಿಗೇಶಾ. ಸೋತವ್ರ ಮನಿ ನೀರು ನಡೀತೈತೇನು?"

"ನೀರು ತುಂಗಭದ್ರಾದ್ದೈತಿ ಮಾಮಾ, ನಿಮ್ಮ ಪಕ್ಷದ್ದಲ್ಲ," ಎಂದ ಹುಲಿಗೇಶ, ಕಾಲು ಮುಂದೆ ಚಾಚಿ.

ಇವರಿಗೆ ನಗು ಬಂತು. ಹಲಗೆಯವರು ಅದನ್ನೇ ಕಾಯುತ್ತಿದ್ದಂತೆ ಬಾರಿಸಿದರು. ಬೆಳಿಗ್ಗೆ ಸಾರಿಸಿದ ಅಂಗಳದಲ್ಲಿ ಕೆಂಪು ನೀರು ಹರಿಯಿತು, ಹರಿಯಲಿ ಬಿಡು ಅಂದುಕೊಂಡೆ. ಟ್ರ್ಯಾಕ್ಟರಿನವರಿಗೂ ರೊಟ್ಟಿ ಬಡಿದೆ. ಕೈಗೆ ಎಲ್ಲಿಂದ ಬಲ ಬಂತೋ, ಒಂದು ರೊಟ್ಟಿಯೂ ಹರಿಯಲಿಲ್ಲ.

ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತ ಇವರು ಸೋತ ಲೆಕ್ಕ ಹೇಳತೊಡಗಿದರು. ನಮ್ಮ ಓಣಿಯ ಓಟುಗಳೇ ಕೈಕೊಟ್ಟವಂತೆ, ಯಾರ ಮನೆಯವರೋ ತಿಳಿಯದಂತೆ. ಅವರು ಯಾರಾದರೂ ಇರಲಿ, ಅವರ ಹೊಟ್ಟೆ ತಣ್ಣಗಿರಲಿ, ಅವರಿಂದಲೇ ಅಕ್ಕನ ಕೈಯ ರೊಟ್ಟಿ ಸಿಕ್ಕಿತು ಎಂದ ಹುಲಿಗೇಶ.

ನಾನು ಬೆಲ್ಲದ ಡಬ್ಬಿಗೆ ಕೈ ಹಾಕಿದೆ. ಖಾಲಿ.

"ಅವ್ವಾ," ಎಂದಳು ನೇತ್ರಾ, ಇಬ್ಬರ ನಡುವೆ ಕೂತು, "ನೀ ಅವತ್ತು ಯಾರಿಗಿ ಓಟ್ ಹಾಕಿದಿ?"