ಇಳಿಸುವುದು ಮಾತ್ರ

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆ ಕಟ್ಟಿದವನಿಗೆ ಕೋಣ ಗೊತ್ತಿರಲಿಲ್ಲ. ಕೋಣದ ಯಜಮಾನ ಅಂತೂ ಖಂಡಿತ ಗೊತ್ತಿರಲಿಲ್ಲ. ದೂಮನೆಂಬ ಕೋಣನಿಗೆ "ಕಾಲು ಕೊಡು ಮಗಾ" ಎಂದರೆ ಕೊಡುತ್ತಿದ್ದ. "ಆಯ್ತು, ಇಡು" ಎಂದರೆ ಇಡುತ್ತಿದ್ದ. ಅವನ ಯಜಮಾನ ಅಣ್ಣು ಹೆಗ್ಡೆಯವರಿಗೆ ಒಂದೇ ಮಾತನ್ನು ಮಳೆಗಾಲದಿಂದ ಚಳಿಗಾಲದವರೆಗೆ ಹೇಳಿದೆ. ಅವರು ಪ್ರತಿ ಸಲವೂ ಬಹಳ ಗೌರವದಿಂದ ತಲೆಯಾಡಿಸಿದರು.

ನಾನು ಲೊರ್ನಾ. ಹುಟ್ಟಿದ್ದು ಕಾಪುವಿನಲ್ಲಿ, ಉಡುಪಿಯ ಮಣಿಪಾಲ ರಸ್ತೆಯಲ್ಲಿ ಪ್ರಾಣಿಗಳ ಆಸ್ಪತ್ರೆ ಇಟ್ಟುಕೊಂಡಿದ್ದೇನೆ. ಎಲುಬು ಮತ್ತು ಬೆನ್ನುಹುರಿಯ ಆಪರೇಶನ್ ನನ್ನ ಕಸುಬು. ಸೋಫಾದಿಂದ ಹಾರಿ ಸೊಂಟ ಬಿದ್ದುಹೋದ ಗಿಡ್ಡಕಾಲಿನ ನಾಯಿಗಳ ಬೆನ್ನೆಲುಬು ಕೊರೆದು, ಹುರಿಯನ್ನು ಒತ್ತುತ್ತಿರುವ ಡಿಸ್ಕಿನ ಚೂರು ತೆಗೆಯುತ್ತೇನೆ. ಬೈಕಿಗೆ ಸಿಕ್ಕಿದ ಬೆಕ್ಕುಗಳ ತೊಡೆಗೆ ಪ್ಲೇಟು ಕೂರಿಸುತ್ತೇನೆ. ಇವೆಲ್ಲ ಮೇಜಿನ ಮೇಲೆ ಹಿಡಿಸುವ ರೋಗಿಗಳು. ಆಪರೇಶನ್ ಆದಮೇಲೆ ಪಂಜರದೊಳಗೆ ಮಲಗಿಸಿ ಬೀಗ ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಕಂಬಳದ ಕೋಣವನ್ನು ಯಾವ ಪಂಜರಕ್ಕೆ ಹಾಕುತ್ತೀರಿ?

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹೆಗ್ಡೆಯವರ ಮಗ ಉಜ್ವಲ್ ಫೋನ್ ಮಾಡಿದ. ಮನೆ ಕಾರ್ಕಳದಿಂದ ಸ್ವಲ್ಪ ಒಳಗೆ. ಕೋಣಗಳನ್ನು ಓಟದ ಅಭ್ಯಾಸಕ್ಕೆ ಕರೆದುಕೊಂಡು ಹೋಗಿ ಬಂದು ಲಾರಿಯಿಂದ ಇಳಿಸುವಾಗ ಒದ್ದೆ ಹಲಗೆಯ ಮೇಲೆ ದೂಮನ ಗೊರಸು ಜಾರಿ, ಹಿಂಗಾಲು ಹಲಗೆಯ ಸಂದಿಗೆ ಸಿಕ್ಕಿತ್ತು. ಹಿಂಗಾಲಿನ ಕೆಳಗಿನ ಉದ್ದ ಎಲುಬು ನಡುವೆ ತುಂಡಾಗಿತ್ತು. ಊರಿನವರು ಆಗಲೇ ಬಿದಿರಿನ ದಬ್ಬೆ ಕಟ್ಟಿ, ಇನ್ನು ಇದರ ಕತೆ ಮುಗಿಯಿತು ಎಂದು ಸುತ್ತ ನಿಂತಿದ್ದರು. ನಾನು ಹೋಗಿ ಮುಟ್ಟಿ ನೋಡಿದೆ. ಚರ್ಮ ಹರಿದಿರಲಿಲ್ಲ. ಎಲುಬು ಹೊರಗೆ ಬಾರದಿದ್ದರೆ, ಕೊಳೆ ಒಳಗೆ ಹೋಗದಿದ್ದರೆ, ಆ ಜಾಗದ ಎಲುಬು ಕೂಡುತ್ತದೆ. ಹಾಗೆಂದು ಹೇಳಿದಾಗ ಹೆಗ್ಡೆಯವರು ಕೋಣಗಳನ್ನು ಕಟ್ಟುವ ಹಟ್ಟಿಯ ಕಂಬ ಹಿಡಿದುಕೊಂಡು ಅತ್ತರು. ಎಪ್ಪತ್ತು ದಾಟಿದ ಆ ಮನುಷ್ಯ ಎಲ್ಲರೆದುರು ಅಳುವುದನ್ನು ಕಂಡು ನನ್ನ ಮನಸ್ಸೂ ಕರಗಿತು. ಸುಳ್ಳು ಹೇಳುವುದಿಲ್ಲ, ಆ ಹೊತ್ತು ಅವರು ನನಗೆ ತುಂಬ ಇಷ್ಟವಾದರು.

ಆಪರೇಶನ್ ಹಟ್ಟಿಯ ಅಂಗಳದಲ್ಲೇ ಆಯಿತು. ಬೈಹುಲ್ಲು ದಪ್ಪಕ್ಕೆ ಹಾಸಿ, ಮೇಲೆ ಟರ್ಪಾಲು ಹರಡಿ ದೂಮನನ್ನು ಮಲಗಿಸಿದೆವು. ಅರಿವಳಿಕೆ ನೋಡಿಕೊಂಡವನು ನನ್ನ ಜೊತೆಯ ಡಾಕ್ಟರ್ ಡೆನ್ವರ್. ಮಲಗಿದ ಕೋಣದ ಹೊಟ್ಟೆ ಉಬ್ಬಿದರೆ ಉಸಿರೇ ನಿಂತುಹೋಗುತ್ತದೆ, ಆದ್ದರಿಂದ ಅವನ ಕಣ್ಣು ಕೊನೆಯವರೆಗೂ ಹೊಟ್ಟೆಯ ಮೇಲೆಯೇ. ನಾನು ಎಲುಬಿನ ತುಂಡುಗಳನ್ನು ಎಳೆದು ನೇರ ಮಾಡಿ, ಚರ್ಮದ ಈಚೆಯಿಂದ ಎಲುಬಿನ ನಡುವೆ ಆಚೆಗೆ ಉಕ್ಕಿನ ಸರಳುಗಳನ್ನು ತೂರಿಸಿದೆ. ಡ್ರಿಲ್ ಬೇಗ ತಿರುಗಿಸಿದರೆ ಎಲುಬು ಸುಡುತ್ತದೆ, ಸುಟ್ಟ ಎಲುಬು ಸರಳನ್ನು ಹಿಡಿಯುವುದಿಲ್ಲ. ಹಾಗಾಗಿ ಸಲೈನ್ ಬಿಡುತ್ತಾ ನಿಧಾನ ತಿರುಗಿಸಬೇಕು, ಕೈ ಸೋತರೂ ನಿಧಾನವೇ. ಆ ಸರಳುಗಳ ತುದಿಗಳನ್ನು ಕಾಲಿನ ಸುತ್ತ ಉಕ್ಕಿನ ಉಂಗುರಗಳಿಗೆ ಬಿಗಿದು, ಉಂಗುರಗಳನ್ನು ಒಂದಕ್ಕೊಂದು ಉದ್ದ ಬೋಲ್ಟಿನಿಂದ ಕಟ್ಟಿದರೆ ಮುರಿದ ಎಲುಬಿನ ಭಾರವನ್ನು ಉಕ್ಕು ಹೊರುತ್ತದೆ. ಸಂಜೆಗೆ ದೂಮ ಎದ್ದು ನಿಂತ. ಎದ್ದವನೇ ಹುಲ್ಲಿಗೆ ಬಾಯಿ ಹಾಕಿದ. ನನಗೆ ಪದವಿ ಸಿಕ್ಕಿದ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಮನೆಯವರು ಆ ಉಂಗುರಗಳನ್ನು ಬಳೆ ಎಂದು ಕರೆದರು. ದೂಮನನ್ನೂ ಅವನ ಜೋಡಿ ಬೀರನನ್ನೂ ನೋಡಿಕೊಳ್ಳುವ ವಾಸು ದಿನವೂ ಸರಳುಗಳ ಬುಡ ತೊಳೆದು ಮದ್ದು ಹಚ್ಚುತ್ತಿದ್ದ. ಉಜ್ವಲ್ ದಿನವೂ ವಿಡಿಯೋ ಮಾಡಿ ಹಾಕುತ್ತಿದ್ದ. ದುಬೈಯಿಂದ, ಮುಂಬೈಯಿಂದ ಜನ ದೂಮನಿಗೆ ಹೃದಯದ ಚಿತ್ರ ಕಳಿಸುತ್ತಿದ್ದರು. ನಾನು ವಾರಕ್ಕೊಮ್ಮೆ ಉಡುಪಿಯಿಂದ ಗಾಡಿ ಬಿಟ್ಟುಕೊಂಡು ಹೋಗುತ್ತಿದ್ದೆ. ನವೆಂಬರಿನ ಕೊನೆಗೆ ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡಿತು. ಬಳೆ ಬಿಚ್ಚಿದೆ, ಸರಳು ಎಳೆದೆ, ಎಕ್ಸ್‌ರೇಯನ್ನು ಹೆಗ್ಡೆಯವರ ಕೈಯಲ್ಲೇ ಹಿಡಿಸಿ ತೋರಿಸಿದೆ.

"ನೋಡಿ ಹೆಗ್ಡೇರೆ, ಎಲುಬು ಕೂಡಿದೆ, ಆದರೆ ಹಣ್ಣಾಗಿಲ್ಲ. ಈ ತೂತುಗಳು ಕಾಣ್ತಾ ಉಂಟಲ್ಲ, ಸರಳು ಇದ್ದ ಜಾಗ, ಅವು ತುಂಬಬೇಕು. ಅಲ್ಲಿಯವರೆಗೆ ನಡೆಯಬಹುದು. ಓಡುವ ಹಾಗಿಲ್ಲ. ಈ ವರ್ಷದ ಕಂಬಳ ಮರೆತುಬಿಡಿ."

"ಮರೆತೆ ಬಾಯಮ್ಮ," ಎಂದರು ಹೆಗ್ಡೆಯವರು. ನಮ್ಮ ಕಡೆ ಹಳಬರು ಕ್ರಿಶ್ಚಿಯನ್ ಹೆಂಗಸರನ್ನು ಹಾಗೆಯೇ ಕರೆಯುವುದು. "ಮನೆಯ ದೈವದ ಆಣೆ, ಓಡಿಸಿದರೆ ಕೇಳಿ."

ಡಿಸೆಂಬರಿನಲ್ಲಿ ಅಪ್ಪ ಮಗ ಇಬ್ಬರೂ ಆಸ್ಪತ್ರೆಗೆ ಬಂದರು. ಕೈಯಲ್ಲಿ ಅವರ ಮನೆಯ ಕಂಬಳದ ಆಮಂತ್ರಣ. ದೊಡ್ಡ ಬಹುಮಾನದ ಕಂಬಳಗಳು ಬೇರೆ, ಇದು ಮನೆತನದ ಕಂಬಳ. ಅವರದೇ ಗದ್ದೆ, ಅವರದೇ ದೈವ. ಸನ್ಮಾನಿತರು ಎಂದು ನನ್ನ ಹೆಸರು ಅಚ್ಚಾಗಿತ್ತು. ನಾನು ಹೆಸರು ನೋಡುವ ಮೊದಲು ಕೇಳಿದ್ದು ದೂಮನ ವಿಷಯ.

ಹೆಗ್ಡೆಯವರು ಗಂಟಲು ಸರಿಮಾಡಿಕೊಂಡರು. "ಗದ್ದೆಗೆ ಮೊದಲು ಮನೆಯ ಜೋಡಿಯೇ ಇಳಿಯಬೇಕು ಬಾಯಮ್ಮ. ಅದು ಹಿಂದಿನಿಂದ ಬಂದ ಕಟ್ಟು. ಮನೆಯ ಕೋಣ ಇಳಿಯದೆ ಬೇರೆಯವರ ಕೋಣ ಇಳಿಯಲಿಕ್ಕಿಲ್ಲ. ದೂಮನನ್ನು ಬೀರನ ಜೊತೆ ನೊಗಕ್ಕೆ ಕಟ್ಟಿ, ನಡೆಸಿಕೊಂಡು ಹೋಗಿ, ಕೆಸರು ಮುಟ್ಟಿಸಿ ತರುವುದು. ಇಳಿಸುವುದು ಮಾತ್ರ. ಓಡಿಸುವುದಿಲ್ಲ."

"ಇಳಿಸಲಿಕ್ಕೂ ಇಲ್ಲ," ಎಂದೆ. "ಬೀರನ ಜೊತೆ ಬೇರೆ ಕೋಣ ಕಟ್ಟಿ. ನಿಮ್ಮ ಕೆಳಗಿನ ಮನೆಯವರ ಹತ್ತಿರ ಇಲ್ವಾ?"

ಕೆಳಗಿನ ಮನೆ ಅವರ ದಾಯಾದಿಗಳದ್ದು. ಉಜ್ವಲನ ಮುಖ ಹುಳಿ ಮಾವಿನಕಾಯಿ ಕಚ್ಚಿದ ಹಾಗಾಯಿತು. "ಎಂತ ಮೇಡಂ ನೀವು? ಅವರ ಕೋಣ ನಮ್ಮ ಗದ್ದೆಗೆ ಮೊದಲು ಇಳಿದರೆ ನಾಳೆ ಗದ್ದೆ ಯಾರದು ಅಂತ ಊರು ಕೇಳುವುದಿಲ್ವಾ?"

"ಊರು ಕೇಳಿದರೆ ಉತ್ತರ ಕೊಡಬಹುದು ಮಾರಾಯ. ಎಲುಬು ಪುನಃ ಹೋದರೆ ನನ್ನ ಹತ್ತಿರ ಉತ್ತರ ಇಲ್ಲ."

ಹೆಗ್ಡೆಯವರು ಎದ್ದು ಕೈಮುಗಿದರು. "ನೋಡುವ ಬಾಯಮ್ಮ."

ನಮ್ಮ ಕಡೆ "ನೋಡುವ" ಎಂದರೆ ಎಲ್ಲ ನೋಡಿ ಆಗಿದೆ ಎಂದರ್ಥ. ಅದು ನನಗೆ ಗೊತ್ತಿಲ್ಲದ್ದಲ್ಲ. ಅದಕ್ಕೇ ಕಂಬಳದ ದಿನ ಬೆಳಿಗ್ಗೆಯೇ ಡೆನ್ವರನನ್ನೂ ಕರೆದುಕೊಂಡು ಹೊರಟೆ. ಸನ್ಮಾನ ಆಮೇಲಾಯಿತು, ಮೊದಲು ಹಟ್ಟಿಯ ಬಾಗಿಲಿಗೆ ಹೋಗಿ ನಿಲ್ಲುವುದು ಎಂದು ಲೆಕ್ಕ ಹಾಕಿದ್ದೆ. ಗೇಟಿನಲ್ಲೇ ಉಜ್ವಲ್ ಸಿಕ್ಕಿದ. "ದೂಮ ಹಟ್ಟಿಯಲ್ಲೇ ಇದ್ದಾನೆ ಮೇಡಂ, ಆರಾಮ ಮೇಯ್ತಾ ಇದ್ದಾನೆ. ಮೊದಲು ಸ್ಟೇಜಿಗೆ ಬನ್ನಿ, ಎಲ್ಲ ಕಾಯ್ತಾ ಇದ್ದಾರೆ." ಹಟ್ಟಿಯಲ್ಲಿದ್ದದ್ದು ನಿಜವೇ. ಆ ಹುಡುಗ ಸುಳ್ಳು ಹೇಳಲಿಲ್ಲ. ಆ ಮನೆಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಅದೇ ತೊಂದರೆ.

ವೇದಿಕೆಯಲ್ಲಿ ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಹೆಗಲಿಗೆ ಶಾಲು, ತಲೆಗೆ ಪೇಟ, ಕುತ್ತಿಗೆಗೆ ಏಲಕ್ಕಿ ಹಾರ, ಮಡಿಲಿಗೆ ಹಣ್ಣಿನ ಬುಟ್ಟಿ. ಮೈಕಿನವನು ನನ್ನ ಕೈಗುಣವನ್ನು ಹೊಗಳುತ್ತಾ ಹೊಗಳುತ್ತಾ ದನಿ ಏರಿಸಿ ಹೇಳಿದ. "ಡಾಕ್ಟರಮ್ಮನ ಕೈಯ ಪವಾಡವನ್ನು ಈಗ ನೀವೇ ಕಣ್ಣಾರೆ ನೋಡಿ!"

ಕೊಂಬು ಊದಿದರು, ವಾದ್ಯ ಮೊಳಗಿತು. ಮನೆಯ ಕಡೆಯಿಂದ ಮೆರವಣಿಗೆ ಬಂತು. ಬೀರ, ಅವನ ಪಕ್ಕದಲ್ಲಿ ದೂಮ. ಎಣ್ಣೆ ಹಚ್ಚಿ ಮೈ ಮಿರಮಿರ ಮಿಂಚುತ್ತಿತ್ತು. ಹಣೆಗೆ ಪಟ್ಟಿ, ಕೊಂಬಿಗೆ ಹೂವು, ಇಬ್ಬರ ಕುತ್ತಿಗೆಯ ಮೇಲೂ ನೊಗ. ಮುಂದೆ ಹೆಗ್ಡೆಯವರು ಬಿಳಿ ಪಂಚೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದರು. ಹಗ್ಗ ವಾಸುವಿನ ಕೈಯಲ್ಲಿ.

ನಾನು ಎದ್ದೆ. ಬುಟ್ಟಿ ಬಿತ್ತು, ಸೇಬು ಕಿತ್ತಳೆ ವೇದಿಕೆಯ ತುಂಬ ಉರುಳಿದವು. ಮೈಕು ಕಸಿದುಕೊಂಡು "ನಿಲ್ಲಿಸಿ! ಅವನನ್ನು ಇಳಿಸಬೇಡಿ!" ಎಂದು ಕೂಗಿದೆ. ವಾದ್ಯದ ಅಬ್ಬರದಲ್ಲಿ ಡಾಕ್ಟರಮ್ಮ ಏನೋ ಮಾತಾಡುತ್ತಿದ್ದಾರೆ ಎಂದಷ್ಟೇ ಜನರಿಗೆ ಗೊತ್ತಾಯಿತು. ಅವರು ಚಪ್ಪಾಳೆ ತಟ್ಟಿದರು. ನನ್ನ ಜನ್ಮದಲ್ಲಿ ನನ್ನ ಮಾತಿಗೆ ಅಷ್ಟು ದೊಡ್ಡ ಚಪ್ಪಾಳೆ ಬಿದ್ದದ್ದಿಲ್ಲ. ಮೆಟ್ಟಿಲು ಇಳಿದು ಜನರನ್ನು ತಳ್ಳಿಕೊಂಡು ಓಡಿದೆ. ಯಾರೋ ಸೆಲ್ಫಿಗೆಂದು ತೋಳು ಹಿಡಿದರು, ಅವರ ಕೈಗೆ ಹೊಡೆದೆ.

ಹೆಗ್ಡೆಯವರು ಮಾತಿಗೆ ತಪ್ಪಲಿಲ್ಲ. ಅದನ್ನು ಹೇಳಲೇಬೇಕು. ಓಡಿಸುವವ ಇರಲಿಲ್ಲ, ಬೆತ್ತ ಇರಲಿಲ್ಲ. ವಾಸು ಹಗ್ಗವನ್ನು ಗಿಡ್ಡ ಹಿಡಿದು ಒಂದೊಂದೇ ಹೆಜ್ಜೆ ಇಡಿಸುತ್ತಾ ಜೋಡಿಯನ್ನು ಕೆಸರಿಗೆ ಇಳಿಸಿದ. ದೂಮನ ಗೊರಸು ಕೆಸರು ಮುಟ್ಟಿತು. ಹೆಗ್ಡೆಯವರು ಬಾಗಿ ಕೆಸರನ್ನು ಹಣೆಗೆ ಹಚ್ಚಿಕೊಂಡರು. ಅಷ್ಟಕ್ಕೆ ಹಿಂದೆ ತಿರುಗಿಸಿದ್ದರೆ ಈ ಕತೆಯನ್ನು ನಾನು ಬೇರೆ ತರ ಹೇಳುತ್ತಿದ್ದೆನೇನೋ. ಆದರೆ ಗದ್ದೆಯ ಎರಡೂ ಬದಿಯ ಜನ ಒಟ್ಟಿಗೆ ಕೂಗು ಹಾಕಿದರು.

ಕರುವಾಗಿದ್ದಾಗಿನಿಂದ ಆ ಕೂಗಿಗೆ ಒಂದೇ ಅರ್ಥ ಕಲಿತಿದ್ದವನು ದೂಮ. ಕೆಸರು ಕಾಲಿಗೆ, ನೊಗ ಕುತ್ತಿಗೆಗೆ, ಕೂಗು ಕಿವಿಗೆ. ಕಿವಿ ನೆಟ್ಟಗೆ ಮಾಡಿದ, ಬೀರನನ್ನೂ ಎಳೆದುಕೊಂಡು ಹೊರಟ. ವಾಸು ಹಗ್ಗ ಬಿಡಲಿಲ್ಲ ಪಾಪ, ಕೆಸರಿನ ಮೇಲೆ ಹೊಟ್ಟೆ ಅಡಿಯಾಗಿ ಜಾರಿಕೊಂಡು ಹೋದ. ಜನ ಹುಚ್ಚೆದ್ದು ಕುಣಿದರು. ಎಷ್ಟು ಚೆಂದ ಓಡಿದ ಅವನು! ನಾನು ಕೂಡಿಸಿದ ಕಾಲು ಎಷ್ಟು ಚೆಂದ ಮಡಚಿ ಎಷ್ಟು ಚೆಂದ ಚಾಚಿತು! ಆ ಒಂದು ಗಳಿಗೆ ನನಗೂ ಹೆಮ್ಮೆಯಾಯಿತು. ಅದು ನೆನಪಾದರೆ ಈಗ ಮೈಯೆಲ್ಲ ಉರಿಯುತ್ತದೆ.

ಗದ್ದೆಯ ನಡುವೆ ಸದ್ದು ಕೇಳಿತು. ಒಣಗಿದ ಬಿದಿರು ಮುರಿದ ಸದ್ದು. ದೂಮ ಹಿಂಬದಿಗೆ ಕುಸಿದ, ನೊಗದೊಂದಿಗೆ ಬೀರನೂ ಮಂಡಿಯೂರಿದ.

ಗದ್ದೆಗೆ ಧುಮುಕಿ, ಕೆಸರಲ್ಲಿ ಹೂತುಕೊಂಡೇ ಕಾಲಿಗೆ ಕೈಹಾಕಿ ನೋಡಿದೆ. ಸರಳು ಇದ್ದ ತೂತಿನಲ್ಲೇ ಸೀಳಿತ್ತು. ಈ ಸಲ ಚರ್ಮ ಉಳಿದಿರಲಿಲ್ಲ. ಎಲುಬಿನ ಚೂಪು ತುದಿ ಹೊರಗೆ ಬಂದು, ಅದರೊಳಗೆ ಗೊಬ್ಬರದ ಕೆಸರು ತುಂಬಿತ್ತು. ತೊಳೆದು, ಕತ್ತರಿಸಿ, ಏನು ಮಾಡಿದರೂ ಅದು ಕೊಳೆಯುವ ಗಾಯ. ಮೂರು ಕಾಲಿನ ನಾಯಿ ಓಡಾಡಿಕೊಂಡಿರುತ್ತದೆ, ಮೂರು ಕಾಲಿನ ಕೋಣ ಬದುಕುವುದಿಲ್ಲ.

"ಆ ಬಳೆ ಪುನಃ ಹಾಕಿ ಬಾಯಮ್ಮ," ಎಂದರು ಹೆಗ್ಡೆಯವರು. ದೂಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಸರಲ್ಲಿ ಕೂತಿದ್ದರು. "ಎಲ್ಲಿಂದ ಬೇಕಾದರೂ ತರಿಸುವ. ನಾನು ಹಟ್ಟಿಯಲ್ಲೇ ಮಲಗುತ್ತೇನೆ, ನಾನೇ ತೊಳೆಯುತ್ತೇನೆ."

"ಆಗುವುದಿಲ್ಲ ಹೆಗ್ಡೇರೆ."

"ಆವತ್ತು ಆಯಿತಲ್ಲ?"

"ಆವತ್ತು ಆಯಿತು."

ಅಷ್ಟರಲ್ಲಿ ಮೈಕಿನವನು ಶುರುಮಾಡಿದ. ಮನೆಯ ಕೋಣಗಳು ಗದ್ದೆಗೆ ಇಳಿದಾಗಿದೆ, ಕಟ್ಟು ಪೂರೈಸಿದೆ, ಉಳಿದ ಜೋಡಿಗಳು ಕಾಯುತ್ತಿವೆ, ದಯವಿಟ್ಟು ಗದ್ದೆ ತೆರವು ಮಾಡಿಕೊಡಬೇಕು. ವಿನಯದಿಂದಲೇ ಹೇಳಿದ. ಉಜ್ವಲ್ ಮೊಬೈಲು ಕಿಸೆಗೆ ಹಾಕಿಕೊಂಡು ಬಂದು ಬೀರನನ್ನು ನೊಗದಿಂದ ಬಿಡಿಸಿ ಕರೆದುಕೊಂಡು ಹೋದ. ಯಾರೋ ಜೆಸಿಬಿಗೆ ಫೋನ್ ಮಾಡುತ್ತಿದ್ದರು.

ಡೆನ್ವರ್ ಕಾರಿನಿಂದ ಚೀಲ ತಂದ. ನಾನು ದೂಮನ ಕುತ್ತಿಗೆಯ ರಕ್ತನಾಳ ಹುಡುಕಿದೆ. ಎಣ್ಣೆ ಹಚ್ಚಿದ ಮೈ, ಬೆರಳು ಜಾರುತ್ತಿತ್ತು. "ಆಯ್ತು ಮಗಾ" ಎಂದೆ. ಅವನು ಕಾಲು ಇಡಲು ಹೇಳಿದೆನೆಂದುಕೊಂಡನೋ ಏನೋ, ಆ ಕಾಲನ್ನು ಒಮ್ಮೆ ಅಲುಗಿಸಲು ನೋಡಿದ. ಇಂಜೆಕ್ಷನ್ ಕೊಟ್ಟೆ. ವಾಸು ಕೆಸರು ಮೆತ್ತಿದ ಮುಖವನ್ನು ಆಚೆ ತಿರುಗಿಸಿಕೊಂಡ. ಉಸಿರು ನಿಲ್ಲುವವರೆಗೂ ಹೆಗ್ಡೆಯವರು ಅವನ ಕಿವಿಯ ಬುಡ ತುರಿಸುತ್ತಲೇ ಇದ್ದರು.

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. "ನಾವು ಓಡಿಸಲಿಲ್ಲ ಬಾಯಮ್ಮ. ನೀವೇ ನೋಡಿದ್ದೀರಿ, ಅಲ್ವಾ? ಇಳಿಸಿದ್ದು ಮಾತ್ರ."

ಸುತ್ತ ನಿಂತ ಜನರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಆ ಮುದುಕನಿಗೆ ನನ್ನಿಂದ ಬೇಕಾದದ್ದು ಒಂದು ಹೂಂ. ಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

"ಇಲ್ಲ ಹೆಗ್ಡೇರೆ, ನೀವು ಓಡಿಸಲಿಲ್ಲ," ಎಂದೆ. "ನಿಲ್ಲುವುದನ್ನು ಅವನಿಗೆ ಕಲಿಸಿದ್ದೂ ಇಲ್ಲ."

ಅವರು ದೂಮನ ಹಣೆಯ ಪಟ್ಟಿಯನ್ನು ಬಿಚ್ಚಲು ಹೋದರು, ಕೆಸರಿನಲ್ಲಿ ಗಂಟು ಬಿಚ್ಚಲಿಲ್ಲ. ಗದ್ದೆಯ ಆ ತುದಿಯಲ್ಲಿ ಕೆಳಗಿನ ಮನೆಯವರ ಜೋಡಿ ಬಂದು ನಿಂತಿತ್ತು. ಜನ ಪುನಃ ಕೂಗು ಹಾಕಿದರು.